ಮಿದುಳಿನ ಗೆರೆಗಳನ್ನು ಕಂಡಂತೆ ಓದಿಸಿದವರು

ಅಂಗರಚನಾಶಾಸ್ತ್ರದಲ್ಲಿ ಹೊಸದಾಗಿ ಕಾಣಲು ಏನೂ ಉಳಿದಿಲ್ಲವೆಂದು ಹೊರಗಿನವರೂ, ಕೆಲವೊಮ್ಮೆ ಒಳಗಿನವರೂ ಹೇಳುವುದುಂಟು. ಎಲುಬುಗಳ ಎಣಿಕೆ ಮುಗಿದಿದೆ, ನರಗಳಿಗೆಲ್ಲ ಹೆಸರಿಟ್ಟಾಗಿದೆ, ಇನ್ನು ಹಳೆಯ ಪಾಠವನ್ನು ಹೊಸ ಮಕ್ಕಳಿಗೆ ಒಪ್ಪಿಸುವುದಷ್ಟೇ ಕೆಲಸವೆಂಬ ಈ ಮಾತನ್ನು ಮೂವತ್ನಾಲ್ಕು ವರ್ಷಗಳ ಕಾಲ, ಒಮ್ಮೆಯೂ ದನಿ ಏರಿಸದೆ, ಬರಿಯ ತಮ್ಮ ಕೆಲಸದಿಂದಲೇ ಅಲ್ಲಗಳೆಯುತ್ತ ಬಂದವರು ಈ ಅಭಿನಂದನ ಸಂಪುಟದ ಮಾನ್ಯರು. ಕಾಲೇಜಿನ ಕಡತಗಳಲ್ಲಿ ಅವರು ಪ್ರಾಧ್ಯಾಪಕರು, ವಿಭಾಗದ ಮುಖ್ಯಸ್ಥರು. ವಿದ್ಯಾರ್ಥಿಗಳ ಬಾಯಲ್ಲಿ ಮಾತ್ರ ಮೊದಲಿನಿಂದ ಕೊನೆಯವರೆಗೂ ‘ಗೆರೆ ಮೇಡಂ’. ಮಿದುಳಿನ ಮೇಲ್ಮೈಯ ಗೆರೆಗಳನ್ನು ಅವರಷ್ಟು ನಿಧಾನವಾಗಿ, ಅವರಷ್ಟು ಭಕ್ತಿಯಿಂದ ಓದಿಸಿದ ಮತ್ತೊಬ್ಬರನ್ನು ಆ ಕಾಲೇಜು ಕಂಡಿಲ್ಲ.

ಅವರು ಕಿರಿಯ ಉಪನ್ಯಾಸಕಿಯಾಗಿ ಸೇರಿದ ವರ್ಷ ಡಿಸೆಕ್ಷನ್ ಹಾಲಿನಲ್ಲಿ ಹನ್ನೆರಡು ಕಲ್ಲಿನ ಮೇಜುಗಳಿದ್ದವು, ಎತ್ತರದ ಆರು ಕಿಟಕಿಗಳಿದ್ದವು, ತಿರುಗದ ನಾಲ್ಕು ಫ್ಯಾನುಗಳಿದ್ದವು. ಫಾರ್ಮಲಿನ್ ಘಾಟು ಕಣ್ಣಿಗೆ ಕಾರದಂತೆ ಹತ್ತುತ್ತಿತ್ತು. ಫ್ಯಾನು ರಿಪೇರಿಗೆ ಮೂರು ಅರ್ಜಿ ಬರೆದು ಫಲ ಕಾಣದೆ, ನಾಲ್ಕನೆಯ ಸಲ ಮೇಡಂ ಪ್ರಿನ್ಸಿಪಾಲರನ್ನೇ ಹಾಲಿಗೆ ಆಹ್ವಾನಿಸಿ, ಏಳನೆಯ ಮೇಜಿನ ಪಕ್ಕ ಕುರ್ಚಿ ಹಾಕಿಸಿ, ಹತ್ತು ನಿಮಿಷ ಪಾಠ ಕೇಳಬೇಕೆಂದು ವಿನಂತಿಸಿಕೊಂಡರು. ಪ್ರಿನ್ಸಿಪಾಲರು ಆರು ನಿಮಿಷಕ್ಕೆ ಕರವಸ್ತ್ರ ತೆಗೆದರು, ಎಂಟಕ್ಕೆ ಎದ್ದರು. ಆ ವಾರವೇ ಫ್ಯಾನುಗಳು ತಿರುಗಿದವು. ಮೇಡಂ ಯಾರ ಮೇಲೂ ಕೂಗಾಡಿದ್ದನ್ನು ಕಂಡವರಿಲ್ಲ. ಹೀಗೆ ಕೂರಿಸಿಬಿಡುತ್ತಿದ್ದರು, ಅಷ್ಟೆ.

ಮಿದುಳನ್ನು ಕಲಿಸುವ ಮುನ್ನ ಅವರು ತಲೆಯನ್ನು ಕಲಿಸುತ್ತಿದ್ದರು. ಪ್ರತಿಯೊಬ್ಬರೂ ತಮ್ಮ ತಲೆಯ ಮೇಲೆಯೇ ಒಂದು ದಾರ ಹಿಡಿಯಬೇಕು: ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಉಬ್ಬಿನವರೆಗೆ. ಆ ದಾರದ ನಡುವನ್ನು ಗುರುತಿಸಿ, ಅಲ್ಲಿಂದ ಅರ್ಧ ಅಂಗುಲ ಹಿಂದಕ್ಕೆ ಬೆರಳಿಟ್ಟು, ಕಿವಿಯ ಮುಂದಿನ ದಿಕ್ಕಿಗೆ ಓರೆಯಾಗಿ ಇಳಿಸಬೇಕು. ಮೂಳೆಯ ಕೆಳಗೆ, ಆ ಬೆರಳು ನಡೆದ ದಾರಿಯಲ್ಲೇ, ಮಿದುಳಿನ ನಡುಗೆರೆ ಇಳಿಯುತ್ತದೆ. ಗೆರೆಯ ಮುಂದಿನ ಮಡಿಕೆ ಕೈಕಾಲು ಆಡಿಸುತ್ತದೆ, ಹಿಂದಿನ ಮಡಿಕೆ ಮುಟ್ಟಿದ್ದನ್ನು ಅರಿಯುತ್ತದೆ. ಎರಡರಲ್ಲೂ ಮನುಷ್ಯ ತಲೆಕೆಳಗಾಗಿ ನಿಂತಿದ್ದಾನೆ. ಪಾದ ಮೇಲೆ, ಮುಖ ಕೆಳಗೆ. ಹಣೆಯ ಹಿಂದಿನ ಹಾಲೆಯಲ್ಲಿ ಯೋಚನೆ, ಅದರ ಎಡಬದಿಯ ಕೆಳಭಾಗದಲ್ಲಿ ಮಾತು, ಕಿವಿಯ ಬದಿಯ ಹಾಲೆಯಲ್ಲಿ ಕೇಳ್ಮೆ, ಹಿಂದಲೆಯ ಹಾಲೆಯಲ್ಲಿ ನೋಟ. ಇವೆಲ್ಲದರ ಕೆಳಗೆ ಪುಸ್ತಕದ ಹಾಳೆಗಳಂತೆ ಒತ್ತಾಗಿ ಮಡಿಸಿದ, ನಡಿಗೆಯ ಸಮತೋಲವನ್ನು ಕಾಯುವ ಕಿರುಮಿದುಳು. ನಡುವೆ, ಹೆಬ್ಬೆರಳ ಗಾತ್ರದ ಕಾಂಡ. ‘ಮೇಲಿನ ಇಷ್ಟೆಲ್ಲ ವೈಭವ ನಿಂತಿರೋದು ಈ ಹೆಬ್ಬೆರಳ ಮೇಲೆ. ಉಸಿರು ಇಲ್ಲಿದೆ’ ಎನ್ನುತ್ತಿದ್ದರು ಮೇಡಂ.

ಮನೆಯಲ್ಲೂ ಅವರದು ಇದೇ ಧ್ಯಾನವೆಂದು ಅವರ ಯಜಮಾನರು ಹೇಳುತ್ತಿದ್ದರು. ಔಷಧಿ ಅಂಗಡಿ ನಡೆಸುವ ಅವರು ಕಾಲೇಜಿನ ಸಮಾರಂಭಗಳಿಗೆ ಬಂದಾಗಲೆಲ್ಲ ಸಹೋದ್ಯೋಗಿಗಳ ಮುಂದೆ ದೂರಿಡುತ್ತಿದ್ದರು: ‘ಮೂವತ್ತು ವರ್ಷ ಸಂಸಾರ ಮಾಡಿದೀನಿ. ಇವಳು ನನ್ನ ಮುಖ ನೋಡಿದ್ದಕ್ಕಿಂತ ಬೋಳು ನೆತ್ತಿ ನೋಡಿದ್ದೇ ಜಾಸ್ತಿ.’ ಮೇಡಂ ನಗದೆ ಉತ್ತರ ಕೊಡುತ್ತಿದ್ದರು: ‘ಮುಖದಲ್ಲಿ ಓದೋಕೆ ಏನಿತ್ತು?’

ಇಷ್ಟು ಕಟ್ಟುನಿಟ್ಟಾಗಿ ಕಲಿಸುತ್ತಿದ್ದವರು ಒಮ್ಮೆ ತಾವೇ ತಪ್ಪು ಓದಿದರು. ಅದು ಅವರ ಸೇವೆಯ ಆರನೆಯ ವರ್ಷ. ಮುಂದಿನ ಇಪ್ಪತ್ತೆಂಟು ವರ್ಷಗಳ ಅವರ ಕೆಲಸವೆಲ್ಲ ಆ ಒಂದು ತಪ್ಪಿನಿಂದ ಹುಟ್ಟಿತೆಂದರೆ ಅತಿಶಯೋಕ್ತಿಯಾಗದು. ಆದ್ದರಿಂದ ಅದನ್ನು ಮುಚ್ಚಿಡದೆ ಹೇಳಬೇಕೆಂದು ಈ ಸಂಪುಟದವರನ್ನು ಒತ್ತಾಯಿಸಿದವರೂ ಅವರೇ.

ಹಿಂದಿನ ವರ್ಷ ಒಬ್ಬ ಬಸ್ ಡ್ರೈವರ್ ತಮ್ಮ ದೇಹವನ್ನು ಕಾಲೇಜಿಗೆ ಬರೆದುಕೊಟ್ಟು ತೀರಿಕೊಂಡಿದ್ದರು. ಅವರ ಒಬ್ಬಳೇ ಮಗಳು ಟೈಲರ್. ದೇಹವನ್ನು ಒಪ್ಪಿಸುವ ದಿನ ಆಕೆ ಮೇಡಂ ಅವರನ್ನು ಹಾಲಿನ ಹೊರಗಿನ ಬೆಂಚಿನಲ್ಲಿ ಕೂರಿಸಿಕೊಂಡು ಒಂದೇ ಮಾತು ಕೇಳಿದ್ದಳು. ಅಪ್ಪ ಕೊಟ್ಟದ್ದು ಓದುವುದಕ್ಕೆ. ಓದಿ ಮುಗಿದ ಮೇಲೆ ಪೂರ್ತಿ ವಾಪಸ್ಸು ಬರಬೇಕು. ಅಂತ್ಯಸಂಸ್ಕಾರದಲ್ಲಿ ಅಪ್ಪನದಲ್ಲದ್ದು ಒಂದು ಚೂರೂ ಸೇರಬಾರದು, ಅಪ್ಪನದು ಒಂದು ಚೂರೂ ಉಳಿಯಬಾರದು. ಮೇಡಂ ಆಗಲೆಂದು ಮಾತು ಕೊಟ್ಟಿದ್ದರು. ಅದನ್ನು ಉಳಿಸಿಕೊಳ್ಳುವುದು ಕಷ್ಟವೂ ಅಲ್ಲ. ಪ್ರತಿ ಮಿದುಳಿನ ಎರಡು ಅರ್ಧಗಳನ್ನೂ ಒಂದೇ ತೆಳುಬಟ್ಟೆಯಲ್ಲಿ ಸುತ್ತಿ, ಗಂಟಿಗೆ ಸಂಖ್ಯೆಯ ತಗಡಿನ ಬಿಲ್ಲೆ ಕಟ್ಟಿಡುವುದು ಅಲ್ಲಿನ ಪದ್ಧತಿ. ಡ್ರೈವರ್ ಅವರದು ಏಳು.

ವರ್ಷ ಮುಗಿಯುತ್ತ ಬಂತು, ಆ ದೇಹದ ಓದೂ ಮುಗಿಯಿತು. ಮಗಳು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬರುವವಳಿದ್ದಳು. ಗುರುವಾರ ಮೇಡಂ ಹಾಲಿಗೆ ಬಂದಾಗ ಅಟೆಂಡರ್ ತೊಟ್ಟಿಯ ಮುಂದೆ ನಿಂತಿದ್ದರು. ಎಲ್ಲರೂ ‘ಅಣ್ಣ’ ಎಂದೇ ಕರೆಯುತ್ತಿದ್ದ, ಇಪ್ಪತ್ತೆರಡು ವರ್ಷದ ಅನುಭವವಿದ್ದ ಮನುಷ್ಯ. ಅವರ ಕೈಗಳು ನೀರಿನಲ್ಲೇ ಇದ್ದವು, ಹೊರಗೆ ಬರುತ್ತಿರಲಿಲ್ಲ.

‘ಏನಣ್ಣ?’ ಎಂದರು ಮೇಡಂ.

‘ಮನೆಯವ್ರಿಗೆ ಕೊಡೋದಲ್ವಾ, ಚೆನ್ನಾಗಿ ತೊಳೆಯೋಣ ಅಂತ ಏಳನ್ನ ಬಿಚ್ಚಿದೆ ಮೇಡಂ. ಒಂಬತ್ತರ ಬಟ್ಟೆ ಕೊಳೆತು ಹರಿದುಹೋಗಿತ್ತು, ಅದನ್ನೂ ಬದಲಾಯಿಸಿಬಿಡೋಣ ಅಂತ ಇದೇ ತೊಟ್ಟಿಗೆ ಹಾಕಿದೆ. ಆಫೀಸಿನಿಂದ ಕರೆ ಬಂತು. ಹೋಗಿ ಬಂದೆ.’ ಕಿಟಕಿಯ ಕಟ್ಟೆಯ ಮೇಲೆ ಎರಡು ಬಿಲ್ಲೆಗಳು ಪಕ್ಕಪಕ್ಕದಲ್ಲಿದ್ದವು. ತೊಟ್ಟಿಯಲ್ಲಿ ನಾಲ್ಕು ಅರ್ಧಗಳಿದ್ದವು. ‘ಯಾವ್ದು ಯಾವ್ದು ಅಂತ ಈಗ ನಂಗೆ ತಿಳೀತಿಲ್ಲ.’

ನಾಲ್ಕನ್ನು ಎರಡು ಜೊತೆ ಮಾಡುವುದು ಕಷ್ಟವಾಗಲಿಲ್ಲ. ನಡುವೆ ಕೊಯ್ದ ಚಾಕುವಿನ ಏರಿಳಿತ ಎಡದ ಮೇಲೂ ಬಲದ ಮೇಲೂ ಒಂದೇ ಥರ ಇರುತ್ತದೆ. ಕೂಡಿಸಿದರೆ ಹೊಂದುತ್ತದೆ. ಆದರೆ ಯಾವ ಜೊತೆ ಏಳು, ಯಾವುದು ಒಂಬತ್ತು? ಇಬ್ಬರೂ ಎಪ್ಪತ್ತರ ಹತ್ತಿರದ ಗಂಡಸರು. ಇಬ್ಬರಿಗೂ ಮಿದುಳಿನ ಕಾಯಿಲೆ ಇರಲಿಲ್ಲ. ದಾಖಲೆಯಲ್ಲಿದ್ದ ತೂಕಗಳಲ್ಲಿ ಹನ್ನೊಂದು ಗ್ರಾಂ ವ್ಯತ್ಯಾಸ. ವರ್ಷವಿಡೀ ದ್ರಾವಣದಲ್ಲಿ ನೆನೆದ ಮೇಲೆ ಅದಕ್ಕೆ ಅರ್ಥವಿರಲಿಲ್ಲ.

ಆಗ ವಿಭಾಗದ ಮುಖ್ಯಸ್ಥರಾಗಿದ್ದವರನ್ನು ‘ದೊಡ್ಡ ಸರ್’ ಎನ್ನುತ್ತಿದ್ದರು. ಕೆಟ್ಟವರಲ್ಲ. ನಿವೃತ್ತಿಗೆ ಎರಡು ವರ್ಷವಿತ್ತು, ಅಷ್ಟೆ. ಎಲ್ಲವನ್ನೂ ಕೇಳಿ ಅವರು ಕನ್ನಡಕ ಒರೆಸಿಕೊಂಡರು. ಪೆಟ್ಟಿಗೆ ಮುಚ್ಚಿಯೇ ಹೋಗುತ್ತದೆ, ಯಾವ ಮಗಳೂ ತೆಗೆದು ನೋಡುವುದಿಲ್ಲ, ನೋಡಿದರೂ ತಿಳಿಯುವುದಿಲ್ಲ, ಒಂದನ್ನು ಆರಿಸಿ ಕೊಟ್ಟುಬಿಡಿ ಎಂಬುದು ಅವರ ಸಲಹೆಯಾಗಿತ್ತು. ಅಟೆಂಡರ್ ಮೇಲೆ ಕ್ರಮ ತೆಗೆದುಕೊಂಡರೆ ವಿಷಯ ಮುಗಿಯುತ್ತದೆ ಎಂದೂ ಸೇರಿಸಿದರು.

‘ಯಾರಿಗೂ ಗೊತ್ತಾಗಲ್ಲಮ್ಮ.’

‘ನನಗೆ ಗೊತ್ತಲ್ಲ ಸರ್’ ಎಂದರು ಮೇಡಂ. ‘ಮಾತು ಕೊಟ್ಟೋಳು ನಾನು. ಅಣ್ಣನ ಹೆಸರು ಎಲ್ಲೂ ಬರೆಯಬೇಡಿ. ಹಾಲಿನ ಜವಾಬ್ದಾರಿ ನಂದು.’

ಹಾಲಿಗೆ ಮರಳಿ ಎರಡು ಜೊತೆಗಳನ್ನೂ ಬಿಳಿಯ ತಟ್ಟೆಗಳಲ್ಲಿಟ್ಟು, ಕಿಟಕಿಯ ಬೆಳಕಿಗೆ ತಂದರು. ಎಡಗಡೆಯ ತಟ್ಟೆಯ ಮಿದುಳು ಪುಸ್ತಕದಲ್ಲಿದ್ದ ಹಾಗೇ ಇತ್ತು. ನಡುಗೆರೆ ಮೇಲಿನಿಂದ ಕೆಳಗಿನವರೆಗೆ ಎಲ್ಲೂ ತಡೆಯದೆ ಇಳಿದಿತ್ತು. ಬಲಗಡೆಯದರ ಎಡ ಅರ್ಧವನ್ನು ಮುಟ್ಟಿದಾಗ ಅವರ ಬೆರಳು ದಾರಿಯ ನಡುವೆ ನಿಂತಿತು. ಅಲ್ಲಿ ಗೆರೆ ಇರಲಿಲ್ಲ. ಕೈ ಆಡಿಸುವ ಮಡಿಕೆಯಿಂದ ಕೈ ಅರಿಯುವ ಮಡಿಕೆಗೆ, ಕಿರುಬೆರಳ ಅಗಲದ ಒಂದು ಸೇತುವೆ ಹಾಯ್ದಿತ್ತು. ಅದರ ಕೆಳಗಿನಿಂದ ಗೆರೆ ಮತ್ತೆ ಶುರುವಾಗಿ ಮುಂದುವರಿದಿತ್ತು. ನಡುಗೆರೆ ಹೀಗೆ ತುಂಡಾಗುವುದು ತೀರ ಅಪರೂಪ. ನೂರರಲ್ಲಿ ಒಬ್ಬರಲ್ಲಿ ಕಂಡರೆ ಹೆಚ್ಚು.

ಬೆರಳು ಅಲ್ಲೇ ಇದ್ದಂತೆ ಅವರಿಗೆ ಬೇರೊಂದು ನೆನಪಾಯಿತು. ವರ್ಷದ ಆರಂಭದಲ್ಲಿ, ಎಲ್ಲರೂ ತಮ್ಮ ಮೇಜಿನ ಮಿದುಳಿನ ಎಡಮೈಯನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದು ತಂದಾಗ, ಯಾರೋ ಒಬ್ಬರು ನಡುಗೆರೆಯನ್ನು ಎರಡು ತುಂಡಾಗಿ ಎಳೆದಿದ್ದರು. ಮೇಡಂ ಆ ಪುಸ್ತಕಗಳನ್ನು ಹಾಲಿನಲ್ಲಿ ತಿದ್ದಿರಲಿಲ್ಲ. ತೊಂಬತ್ತಾರು ಪುಸ್ತಕಗಳಿದ್ದವು, ಅಂದು ತಲೆಸಿಡಿತವಿತ್ತು. ತಮ್ಮ ಕೊಠಡಿಯಲ್ಲಿ ಕುಳಿತು, ಅಚ್ಚಿನ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದಿದ್ದರು. ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ತಪ್ಪು. ನಡುಗೆರೆ ತುಂಡಾಗುವುದಿಲ್ಲ. ಪುಸ್ತಕ ನೋಡಿ ಬರೆದು ತನ್ನಿ.’ ಮೂವತ್ತು ಹೆಜ್ಜೆ ನಡೆದು ಮೇಜಿನ ಬಳಿ ಹೋಗಿ ನೋಡಿರಲಿಲ್ಲ. ಬರೆದವರು ಯಾರೆಂಬುದೂ ಈಗ ನೆನಪಿರಲಿಲ್ಲ.

ಆ ಎರಡು ಮಿದುಳುಗಳನ್ನು ಓದಿದ ಎರಡೂ ಮೇಜುಗಳ ಹದಿನಾರು ರೆಕಾರ್ಡ್ ಪುಸ್ತಕಗಳನ್ನು ತರಿಸಿದರು. ಒಂದೊಂದಾಗಿ ತೆರೆದರು. ಹದಿನಾರರಲ್ಲೂ ನಡುಗೆರೆ ಅಚ್ಚುಕಟ್ಟಾಗಿ, ಅಖಂಡವಾಗಿ ಇಳಿದಿತ್ತು. ಹದಿನಾರು ಮಕ್ಕಳು ಎರಡು ಮಿದುಳುಗಳ ಮುಂದೆ ಕುಳಿತು ಒಂದೇ ಚಿತ್ರ ಬರೆದಿದ್ದರು. ಚಿತ್ರಗಳು ಚೆನ್ನಾಗಿದ್ದವು, ಬಣ್ಣವೂ ಹದವಾಗಿತ್ತು. ಪೂರ್ತಿ ಅಂಕ ಕೊಟ್ಟ ಸಹಿಗಳೆಲ್ಲ ಮೇಡಂ ಅವರವೇ. ಆ ಹದಿನಾರು ಸರಿಯಾದ ಚಿತ್ರಗಳಲ್ಲಿ ಒಂದರಿಂದಲೂ ಒಬ್ಬ ಮನುಷ್ಯನನ್ನು ಗುರುತಿಸುವಂತಿರಲಿಲ್ಲ. ಅವರು ಪುಸ್ತಕಗಳನ್ನು ಮುಚ್ಚಿ, ಕಿಟಕಿಯ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತರೆಂದು ಅಟೆಂಡರ್ ಆಮೇಲೆ ಹೇಳುತ್ತಿದ್ದರು. ತುಟಿ ಆಡುತ್ತಿತ್ತಂತೆ. ಪ್ರಾರ್ಥನೆಯೋ ಲೆಕ್ಕಾಚಾರವೋ ಅಣ್ಣನಿಗೆ ತಿಳಿಯಲಿಲ್ಲ.

ಮಧ್ಯಾಹ್ನ ಹದಿನಾರು ಮಂದಿಯನ್ನೂ ಕರೆಸಿದರು. ಬೈಯುವುದಕ್ಕಲ್ಲ ಎಂದು ಮೊದಲೇ ಹೇಳಿ, ನಡುಗೆರೆಯನ್ನು ತುಂಡು ಮಾಡಿ ಬರೆದವರು ಯಾರೆಂದು ಕೇಳಿದರು. ಮೂರನೆಯ ಮೇಜಿನ ಒಬ್ಬ ವಿದ್ಯಾರ್ಥಿನಿ ಕೈ ಎತ್ತಿದಳು. ವರ್ಷವಿಡೀ ಒಂದೂ ಪ್ರಶ್ನೆ ಕೇಳದ, ಹಾಜರಿ ಕೂಗಿದಾಗಲೂ ಅರ್ಧ ದನಿಯಲ್ಲಿ ಓಗೊಡುತ್ತಿದ್ದ ಹುಡುಗಿ.

‘ನಾನೇ ಮೇಡಂ. ನೀವು ತಪ್ಪು ಅಂದ್ರಿ, ತಿದ್ದಿಬಿಟ್ಟೆ.’

‘ಹಳೇ ಹಾಳೆ ಏನಾಯ್ತು?’

‘ಹೊಸದನ್ನ ಅದರ ಮೇಲೇನೇ ಅಂಟಿಸಿದೀನಿ. ಅಂಚಿಗೆ ಮಾತ್ರ ಗೋಂದು ಹಚ್ಚಿದ್ದು. ಹರಿಯೋಕೆ ಮನಸ್ಸು ಬರಲಿಲ್ಲ.’

‘ಯಾಕೆ?’

ಹುಡುಗಿ ನೆಲ ನೋಡಿದಳು. ‘ನೋಡಿ ಬರೆದಿದ್ದಲ್ವಾ ಮೇಡಂ, ಅದು.’

ಮೇಡಂ ತಮ್ಮ ಕೈಯಿಂದಲೇ, ಮಿದುಳಿನ ಪೊರೆ ಬಿಡಿಸುವ ಸಣ್ಣ ಚಾಕುವಿನಿಂದ, ಆ ಹಾಳೆಯ ಅಂಚನ್ನು ಬಿಡಿಸಿದರು. ಕೆಳಗಿನ ಚಿತ್ರ ಹೊರಗೆ ಬಂತು. ಪೆನ್ಸಿಲ್ಲಿನ ಗೆರೆ, ಅಷ್ಟೇನೂ ಅಂದವಿಲ್ಲ. ಆದರೆ ಸೇತುವೆ ಅದೇ ಜಾಗದಲ್ಲಿ ಅಷ್ಟೇ ಅಗಲವಾಗಿತ್ತು. ಕಿವಿಯ ಬದಿಯ ಹಾಲೆಯ ಮೇಲಿನ ಆಳವಾದ ಸೀಳು ಹಿಂದೆ ಎರಡಾಗಿ ಕವಲೊಡೆದದ್ದೂ, ಹಣೆಯ ಹಾಲೆಯಲ್ಲಿ ಎರಡು ಮಡಿಕೆಗಳು ಕೂಡಿಕೊಂಡದ್ದೂ ತಟ್ಟೆಯಲ್ಲಿದ್ದಂತೆಯೇ ಇದ್ದವು. ಮೇಡಂ ಒಂದೊಂದು ಗುರುತಿನ ಮೇಲೂ ಗುಂಡುಸೂಜಿ ನಿಲ್ಲಿಸಿ ಚಿತ್ರದ ಜೊತೆ ಹೋಲಿಸಿದರು. ಒಂಬತ್ತು ಗುರುತುಗಳು ಹೊಂದಿದವು, ಒಂದೂ ತಪ್ಪಲಿಲ್ಲ. ಹಾಳೆಯ ಮೂಲೆಯಲ್ಲಿ ‘ಮೇಜು ಮೂರು, ಮಿದುಳು ಏಳು’ ಎಂದಿತ್ತು. ಅದರ ಕೆಳಗೆ, ‘ತಪ್ಪು’ ಎಂಬ ಕೆಂಪು ಮಾತಿನ ಪಕ್ಕದಲ್ಲಿ, ತಾರೀಖಿನೊಡನೆ ಮೇಡಂ ಅವರ ಸಹಿ. ಆ ಚಿತ್ರ ಆ ದಿನವೇ, ಆ ಮಿದುಳನ್ನು ನೋಡಿಯೇ ಬರೆದದ್ದೆಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ.

ಅಟೆಂಡರ್ ಏಳರ ಬಿಲ್ಲೆಯನ್ನು ಹೊಸ ನೂಲಿನಿಂದ ಕಟ್ಟಿದರು. ಮೂರು ಗಂಟು ಹಾಕಿದರು. ಮೇಡಂ ಮತ್ತೆರಡು ಹಾಕಿದರು.

ಶುಕ್ರವಾರ ಮಗಳು ಬಂದಾಗ ಎಲ್ಲ ಸರಿಯಾಗಿಯೇ ಇತ್ತು. ಹೇಳದಿದ್ದರೂ ನಡೆಯುತ್ತಿತ್ತು. ದೊಡ್ಡ ಸರ್ ಹಾಗೇ ಅಪೇಕ್ಷಿಸಿದ್ದರು. ಆದರೆ ಮೇಡಂ ಆಕೆಯನ್ನು ಅದೇ ಹೊರಗಿನ ಬೆಂಚಿನಲ್ಲಿ ಕೂರಿಸಿ, ಬಿಲ್ಲೆ ಬಿಚ್ಚಿಹೋದದ್ದನ್ನೂ, ಅರ್ಧ ದಿನ ಅವಳ ಅಪ್ಪ ಯಾರೆಂದು ತಮಗೆ ತಿಳಿಯದೆ ಹೋದದ್ದನ್ನೂ, ಸರಿಯಾದ ಚಿತ್ರವನ್ನು ತಾವೇ ತಪ್ಪೆಂದು ಹೊಡೆದುಹಾಕಿದ್ದನ್ನೂ ಒಂದನ್ನೂ ಬಿಡದೆ ಹೇಳಿದರು. ಆ ಹೆಣ್ಣುಮಗಳು ತನ್ನ ಬೆರಳಿನ ಸೂಜಿಯ ಗುರುತುಗಳನ್ನು ಉಜ್ಜಿಕೊಳ್ಳುತ್ತ ಕೇಳಿಸಿಕೊಂಡಳು.

‘ನೀವು ಹೇಳದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ.’

‘ಹೌದು. ಅದಕ್ಕೇ ಹೇಳಿದೆ.’

ಆಕೆ ಒಳಗೆ ಬಂದು ನೋಡಬೇಕೆಂದಳು. ಮೇಡಂ ತಟ್ಟೆಯ ಮೇಲಿನ ಬಟ್ಟೆ ಸರಿಸಿ, ನಡುಗೆರೆ ಎಲ್ಲಿ ಹೊರಟಿತು, ಎಲ್ಲಿ ನಿಂತಿತು, ಎಲ್ಲಿ ಮತ್ತೆ ಹೊರಟಿತು ಎಂದು ತೋರಿಸಿದರು. ಇದರಿಂದ ಅಪ್ಪನಿಗೆ ಏನಾದರೂ ತೊಂದರೆ ಇತ್ತೇ ಎಂದು ಮಗಳು ಕೇಳಿದಳು. ಏನೂ ಇಲ್ಲ, ಎಲ್ಲರಂತೆಯೇ ಕೈಕಾಲು ಆಡುತ್ತಿದ್ದವು, ದಾರಿ ಮಾತ್ರ ಬೇರೆ ಎಂದರು ಮೇಡಂ. ಮಗಳ ಮುಖದಲ್ಲಿ ನಗುವಿನಂಥದ್ದೊಂದು ಮೂಡಿತು. ‘ಮೂವತ್ತು ವರ್ಷ ಬಸ್ ಓಡಿಸಿದ್ರು. ಎಲ್ಲರೂ ಹೋಗೋ ದಾರೀಲಿ ಹೋಗು ಅಂದ್ರೆ ಒಂದಿನಾನೂ ಕೇಳ್ತಿರಲಿಲ್ಲ. ಮೇಲಿನವರಿಂದ ಎಷ್ಟು ಬೈಸಿಕೊಂಡ್ರೋ.’ ಆಮೇಲೆ ಅತ್ತಳು. ಅತ್ತು ಮುಗಿದ ಮೇಲೆ, ಅಪ್ಪನನ್ನು ಸರಿಯಾಗಿ ನೋಡಿದ ಆ ಹುಡುಗಿ ಯಾರು, ಅವಳನ್ನೊಮ್ಮೆ ಕರೆಯಿರಿ ಎಂದಳು. ಹುಡುಗಿ ಬಂದಳು. ಮಗಳು ಅವಳ ಎರಡು ಕೈಗಳನ್ನೂ ತನ್ನ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಹೊರಟಳು.

ಸೋಮವಾರ ಮೇಡಂ ತುಂಬಿದ ತರಗತಿಯಲ್ಲಿ ಆ ಹಾಳೆಯನ್ನು ಎತ್ತಿ ಹಿಡಿದು, ತಮ್ಮ ಕೆಂಪು ಮಾತನ್ನು ಗಟ್ಟಿಯಾಗಿ ಓದಿದರು. ಓದಿ ಅದರ ಮೇಲೆ ಗೀಟು ಎಳೆದು ಮತ್ತೆ ಸಹಿ ಹಾಕಿದರು. ‘ಇದು ನನ್ನ ತಪ್ಪು. ನೀವು ಹದಿನೈದು ಜನ ಮಿದುಳು ಬಿಟ್ಟು ಪುಸ್ತಕ ನೋಡಿ ಬರೆದಿದ್ದೂ ತಪ್ಪೇ, ಆದರೆ ನಿಮಗೆ ಅದನ್ನ ಕಲಿಸಿದೋಳು ನಾನು’ ಎಂದರು. ಅಷ್ಟೇ ಹೇಳಿ ಅಂದಿನ ಪಾಠ ಶುರು ಮಾಡಿದರು. ಅಂದಿನ ಪಾಠ ಕಿರುಮಿದುಳು.

ಆ ವರ್ಷದಿಂದ ಮಿದುಳಿನ ಮೊದಲ ಮೂರು ತರಗತಿಗಳಲ್ಲಿ ಪುಸ್ತಕ ತೆರೆಯುವಂತಿರಲಿಲ್ಲ. ಮೊದಲು ನೋಡಬೇಕು, ಆಮೇಲೆ ಮುಟ್ಟಬೇಕು, ಆಮೇಲೆ ಬರೆಯಬೇಕು, ಹೆಸರುಗಳು ಕೊನೆಗೆ. ಪುಸ್ತಕಕ್ಕೂ ಮಿದುಳಿಗೂ ಹೊಂದದಿದ್ದಲ್ಲಿ ಮೇಡಂ ತಾವೇ ಮೇಜಿಗೆ ಬರುತ್ತಿದ್ದರು. ಒಮ್ಮೆ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರೊಬ್ಬರು ವಿದ್ಯಾರ್ಥಿಯೊಬ್ಬನ ಚಿತ್ರವನ್ನು ಕಂಡು ಇಂಥ ಮಿದುಳು ಎಲ್ಲಿದೆ ಎಂದು ಗದರಿಸಿದಾಗ, ಮೇಡಂ ತಟ್ಟೆ ತಂದು ಅವರ ಮುಂದಿಟ್ಟರು. ಪರೀಕ್ಷಕರು ನೋಡಿದರು, ಮುಟ್ಟಿದರು, ಚಹಾ ಕೇಳಿದರು.

ಪ್ರತಿ ವರ್ಷದ ಪ್ರತಿ ಮಿದುಳಿನ ಗೆರೆಗಳನ್ನು ಕಂಡಂತೆ ಬರೆಸಿ, ಒಂದಕ್ಕೆ ಮೂವರ ಕೈಯ ಚಿತ್ರವನ್ನು ಹೋಲಿಸಿ, ಅವರು ಕೂಡಿಟ್ಟ ಸಂಗ್ರಹದಲ್ಲಿ ಇಂದು ಇನ್ನೂರ ಎಪ್ಪತ್ತಾರು ಮನುಷ್ಯರಿದ್ದಾರೆ. ಮನುಷ್ಯರು ಎಂಬುದು ಮೇಡಂ ಅವರದೇ ಮಾತು. ಮಾದರಿ ಎಂದವರನ್ನು ಅವರು ತಿದ್ದುತ್ತಿದ್ದರು. ಒಬ್ಬರ ಗೆರೆ ಇನ್ನೊಬ್ಬರಿಗೆ ಹೊಂದಿದ್ದು ಈವರೆಗೆ ಇಲ್ಲ. ಶಸ್ತ್ರವೈದ್ಯರಾದ ಅವರ ಶಿಷ್ಯರು ತಲೆಯನ್ನು ತೆರೆಯುವ ಮುನ್ನ ಆ ಸಂಗ್ರಹದ ಪುಟ ತಿರುವಲು ದೂರದಿಂದ ಬರುತ್ತಾರೆ. ಅಟೆಂಡರ್ ಅಣ್ಣ ನಿವೃತ್ತರಾಗುವವರೆಗೂ ಹಾಲಿನಲ್ಲೇ ಇದ್ದರು. ಅವರ ಕೆಲಸದ ದಾಖಲೆಯಲ್ಲಿ ಒಂದು ಕಪ್ಪು ಚುಕ್ಕೆಯೂ ಇಲ್ಲ.

ಮೂರನೆಯ ಮೇಜಿನ ಆ ಮೌನಿ ಹುಡುಗಿ ಈಗ ಅದೇ ವಿಭಾಗದ ಪ್ರಾಧ್ಯಾಪಕಿ, ದೇಹದಾನದ ಕಾಗದಗಳ ಹೊಣೆ ಹೊತ್ತವರು. ಕಳೆದ ತಿಂಗಳು ಮೇಡಂ ಈ ಶಿಷ್ಯೆಯ ಕೊಠಡಿಗೆ ಬಂದು, ಬ್ಯಾಗಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ತಮ್ಮ ದೇಹವನ್ನು ಕಾಲೇಜಿಗೆ ಬರೆದುಕೊಟ್ಟಿದ್ದರು. ಓದಿ ಮುಗಿದ ಮೇಲೆ ಕುಟುಂಬಕ್ಕೆ ಪೂರ್ತಿ ಹಿಂದಿರುಗಿಸಬೇಕೇ ಎಂಬಲ್ಲಿ ಹೌದು ಎಂದು ಬರೆದು, ಸಾಕ್ಷಿಯಾಗಿ ಯಜಮಾನರು ಸಹಿ ಹಾಕಿದ್ದರು. ಸ್ವೀಕರಿಸಿದವರ ಜಾಗ ಖಾಲಿ ಇತ್ತು. ಶಿಷ್ಯೆಗೆ ಪೆನ್ನು ಎತ್ತಲಾಗಲಿಲ್ಲ.

‘ಹಾಕಮ್ಮ’ ಎಂದರು ಮೇಡಂ. ‘ನೀನಿದ್ರೆ ನನಗೆ ಧೈರ್ಯ.’

ಶಿಷ್ಯೆ ಸಹಿ ಹಾಕಿದರು. ಕಾಗದ ಈಗ ವಿಭಾಗದ ಕಪಾಟಿನ ಅತ್ಯಂತ ಮೇಲಿನ, ಏಣಿಯಿಲ್ಲದೆ ಯಾರ ಕೈಗೂ ಎಟುಕದ ಅರೆಯಲ್ಲಿದೆ. ಅದು ಅಲ್ಲಿಯೇ ಇರಲಿ. ಅದರ ಅಂಚು ಹಳದಿಯಾಗಲಿ, ಶಾಯಿ ಮಾಸಲಿ, ಮಡಿಕೆಯಲ್ಲಿ ಹರಿದು ಹೊಸ ಕಾಗದಕ್ಕೆ ಮತ್ತೊಮ್ಮೆ, ಮಗದೊಮ್ಮೆ ಸಹಿ ಮಾಡಿಸಿಕೊಳ್ಳಬೇಕಾಗಿ ಬರಲಿ. ಪ್ರತಿ ಸಲವೂ ಮೇಡಂ ತಾವೇ ಮೆಟ್ಟಿಲು ಹತ್ತಿ ಬಂದು, ತಮ್ಮದೇ ಕೈಯಿಂದ ಸಹಿ ಮಾಡುವಂತಾಗಲಿ. ಸಂಗ್ರಹದ ಇನ್ನೂರ ಎಪ್ಪತ್ತೇಳನೆಯ ಪುಟವನ್ನು ಅವರೇ ತಿದ್ದಲಿ, ಮುನ್ನೂರನೆಯದನ್ನೂ ಅವರೇ ತಿದ್ದಲಿ. ಉಸಿರನ್ನು ಹೆಬ್ಬೆರಳ ಗಾತ್ರದ ಕಾಂಡದಲ್ಲಿಟ್ಟು ಕಾಯುವಾತನು, ಈ ಒಬ್ಬರನ್ನು ಓದುವ ಆತುರ ನಮಗಾರಿಗೂ ಇಲ್ಲವೆಂಬುದನ್ನು ಬಲ್ಲವನಾಗಲಿ.